ಏಳು ಜನ, ಆರು ಯಂತ್ರ

ಮೊದಲ ದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ನೆಲ. ಚಾಪೆಯ ಕೆಳಗಿನ ಸಿಮೆಂಟು ಒಂದೇ ಸಮನೆ ಅದುರುತ್ತಿತ್ತು. ತಲೆಯೆತ್ತಿ ನೋಡಿದರೆ ಮೂಲೆಯ ಕೊಡದ ನೀರಿನಲ್ಲಿ ಸುತ್ತು ಸುತ್ತಾಗಿ ಅಲೆ ಏಳುತ್ತಿದೆ, ಗೂಡಿನಲ್ಲಿಟ್ಟ ಸ್ಟೀಲ್ ಲೋಟ ತನ್ನಷ್ಟಕ್ಕೆ ತಾನೇ ಅಂಚಿನ ಕಡೆಗೆ ಸರಿಯುತ್ತಿದೆ. ಭೂಕಂಪವೆಂದೇ ತಿಳಿದು ಕೈಗೆ ಸಿಕ್ಕ ದುಪಟ್ಟಾ ಎಳೆದುಕೊಂಡು ಹೊರಗೆ ಓಡಿದೆ. ಅಂಗಳದಲ್ಲಿ ಮನೆಯೊಡತಿ ನರಸಮ್ಮನವರು ಕುಕ್ಕರುಗಾಲಿನಲ್ಲಿ ಕೂತು ಆರಾಮಾಗಿ ರಂಗೋಲಿಯ ಚುಕ್ಕಿ ಇಡುತ್ತಿದ್ದರು.

"ಪ್ರೆಸ್ಸು ಕಣಮ್ಮ," ಎಂದರು ನನ್ನ ಮುಖ ನೋಡಿ. "ಪಕ್ಕದ ಶೆಡ್ಡಿನದು, ತಗಡು ಒತ್ತೋದು. ಆರು ಗಂಟೆಗೆ ಸುರು ಮಾಡ್ತಾರೆ. ದಿನಾ ಇಂಗೇ ಇರ್ತದೆ. ವಾರ ಕಳೆದ್ರೆ ನಿಂಗೆ ಗೊತ್ತೇ ಆಗಕಿಲ್ಲ."

ಅವರು ಹೇಳಿದ್ದು ನಿಜವಾಯಿತು, ಆದರೆ ವಾರವಲ್ಲ, ನಾಲ್ಕು ತಿಂಗಳು ಹಿಡಿಯಿತು. ನಾನು ಗುಳೇದಗುಡ್ಡದವಳು, ಖಣ ನೇಯುವವರ ಮನೆಯ ಮಗಳು. ಖಣವೆಂದರೆ ರವಿಕೆಯ ಬಟ್ಟೆ, ನಮ್ಮೂರಿನ ಹೆಸರು ಉಳಿಸಿರುವುದೇ ಅದು. ಸದ್ದಿನಲ್ಲೇ ಹುಟ್ಟಿ ಬೆಳೆದವಳಿಗೆ ಸದ್ದಿನ ಭಯ ಇರಲಿಲ್ಲ. ಆದರೆ ಅಲ್ಲಿ ಮಗ್ಗದ ಸದ್ದು ಕಿವಿಗೆ ಬರುತ್ತದೆ, ಯಾರ ಮನೆಯಲ್ಲಿ ಯಾರು ಕೂತಿದ್ದಾರೆ ಎಂದು ಲಯದಲ್ಲೇ ತಿಳಿಯುತ್ತದೆ. ಇಲ್ಲಿ ಅದು ಅಂಗಾಲಿನಿಂದ ಹತ್ತಿ ಹಲ್ಲಿನವರೆಗೆ ಬರುತ್ತಿತ್ತು, ಯಾರದೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ನನ್ನನ್ನು ಬೆಂಗಳೂರಿನ ರಾಜಗೋಪಾಲನಗರಕ್ಕೆ ಕರೆತಂದವಳು ಶಾಂತಕ್ಕ. ನಮ್ಮ ಓಣಿಯವಳೇ. ಗಂಡ ತೀರಿಕೊಂಡ ಮೇಲೆ ಮಗಳು ರೇಣುಕಾಳನ್ನು ತವರಿನಲ್ಲಿ ಬಿಟ್ಟು ಪೀಣ್ಯಕ್ಕೆ ಬಂದು ಎಂಟು ವರ್ಷವಾಗಿತ್ತು. ಪಂಪುಗಳ ಬಿಡಿಭಾಗ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ನಾನು ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದಾಗ, ದೀಪಾವಳಿಗೆ ಊರಿಗೆ ಬಂದವಳು ನಮ್ಮವ್ವನಿಗೆ ಹೇಳಿದಳು: "ನಮ್ಮ ಶಾಪಿನ್ಯಾಗ ಒಬ್ಬಾಕಿ ಓದಿದಾಕಿ ಬೇಕಂತ. ಗಂಗೂನ್ನ ಕಳಸು. ನನ್ನ ರೂಮಿನ್ಯಾಗ ಇರ್ತಾಳ. ಸಂಜೀಕ ಇಂಜಿನಿಯರಿಂಗ್ ಕಾಲೇಜು ಅದಾವು ಅಲ್ಲೆ, ಓದ್ಲಿ." ಅಷ್ಟು ಮಾತಿನ ಮೇಲೆ ನಾನು ಹೊರಟೆ.

ರೂಮೆಂದರೆ ನರಸಮ್ಮನವರ ಹಿತ್ತಿಲಿನಲ್ಲಿ ಸಾಲಾಗಿ ಕಟ್ಟಿದ ಆರು ಕೋಣೆಗಳಲ್ಲಿ ಒಂದು. ಅವರದು ಇದೇ ನೆಲದ ಒಕ್ಕಲು ಮನೆತನ. ಪ್ರೆಸ್ಸಿನ ಶೆಡ್ಡಿನ ಕಡೆ ಕೈ ತೋರಿಸಿ, "ಅಲ್ಲಿ ನಮ್ಮ ಅವರೆ ವಲ ಇತ್ತು, ಸೊಗಡಂದ್ರೆ ಸೊಗಡು," ಎನ್ನುತ್ತಿದ್ದರು. ಈಗ ಅವರು ಅವರೆಕಾಯಿಯನ್ನು ತುಮಕೂರು ರಸ್ತೆಯ ತಳ್ಳುಗಾಡಿಯಲ್ಲಿ ಚೌಕಾಸಿ ಮಾಡಿ ಕೊಳ್ಳುತ್ತಾರೆ. ರಸ್ತೆಯ ಮೇಲೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲವದು. ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಧೂಳು. ಸ್ವಂತ ಊರಿನಲ್ಲೇ ಇದ್ದುಕೊಂಡು ಹೊಸ ಊರಿಗೆ ಬಂದವರಂತಿದ್ದ ಆ ಹೆಂಗಸನ್ನು ಕಂಡರೆ ನನಗೆ ಒಂದು ಥರದ ಸಲಿಗೆ ಹುಟ್ಟಿತು.

ಮುದ್ದೆ ನುಂಗಲು ಕಲಿಸಿದವರೂ ಅವರೇ. ಅಗಿಯುತ್ತಾ ಕೂತ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವು ರೊಟ್ಟಿ ಬಡಿಯುವಾಗ ಬಾಗಿಲಿಗೆ ಬಂದು ನಿಂತು, "ಅಂಗೆ ಬಡಿದ್ರೂ ರೊಟ್ಟಿ ಅರ್ದೋಗಾಕಿಲ್ವಲ್ಲ," ಎಂದು ಬೆರಗುಪಡುತ್ತಿದ್ದರು. ಕನ್ನಡದವಳಾಗಿಯೂ ಕನ್ನಡ ಕಲಿಯಬೇಕಾದ ಪಾಡು ನನ್ನದಾಗಿತ್ತು. ಬಸ್ಸಿನಲ್ಲಿ ಬಾಯಿ ತೆರೆದರೆ ಸಾಕು, "ಹುಬ್ಬಳ್ಳಿ ಕಡೆಯವರಾ?" ಎಂಬ ಪ್ರಶ್ನೆ ಬರುತ್ತಿತ್ತು. ತುಮಕೂರು ದಾಟಿದರೆ ಆಚೆಗೆ ಇರುವುದೆಲ್ಲ ಇವರಿಗೆ ಹುಬ್ಬಳ್ಳಿಯೇ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಹೂಂ ಅನ್ನತೊಡಗಿದೆ.

ವರ್ಕ್‌ಶಾಪಿನಲ್ಲಿ ನಾವು ಏಳು ಜನ. ನನಗೆ ಡ್ರಿಲ್ಲಿಂಗ್ ಮೆಷೀನು ಕೊಟ್ಟಿದ್ದರು. ಶಾಂತಕ್ಕನಿಗೆ ಇಂಥದೇ ಮೆಷೀನು ಎಂದಿರಲಿಲ್ಲ. ಹಳೆಯದೊಂದು ಡ್ರಿಲ್ಲು ರಿಪೇರಿಗೆಂದು ಹೋಗಿ ವಾಪಸು ಬಾರದೆ ಯಂತ್ರಗಳು ಆರೇ ಉಳಿದಿದ್ದವು. ಹಾಗಾಗಿ ಅವಳು ಯಾರಾದರೂ ಎದ್ದು ಹೋದರೆ ಅವರ ಜಾಗದಲ್ಲಿ ನಿಲ್ಲುತ್ತಿದ್ದಳು, ತುಂಡುಗಳ ಅಂಚಿನ ಮುಳ್ಳು ತೆಗೆಯುತ್ತಿದ್ದಳು, ಅಳತೆ ನೋಡುತ್ತಿದ್ದಳು. ನನ್ನ ಮೊದಲ ತಿಂಗಳು ಮುರಿದ ಡ್ರಿಲ್ ಬಿಟ್ಟುಗಳನ್ನೆಲ್ಲ ಮಾಲೀಕರ ಕಣ್ಣಿಗೆ ಬೀಳದಂತೆ ಮಾಯ ಮಾಡಿದವಳೂ ಅವಳೇ. ಅವಳಿಗೆ ಇದ್ದದ್ದು ಒಂದೇ ಆಸೆ: ರೇಣುಕಾಳ ಪಿಯುಸಿ ಮುಗಿದ ಕೂಡಲೇ ಅವಳನ್ನು ಇಲ್ಲಿಗೆ ಕರೆತಂದು ಡಿಗ್ರಿಗೆ ಸೇರಿಸುವುದು. ಪಕ್ಕದ ಕೋಣೆ ಖಾಲಿಯಾಗುವುದಿತ್ತು, ನರಸಮ್ಮನವರಿಗೆ ಮಾತು ಕೊಟ್ಟು ಇಟ್ಟಿದ್ದಳು. ಮಗಳಿಗೆಂದು ಒಂದು ಮಡಿಚುವ ಮಂಚ ಕೂಡ ತಂದು ಗೋಡೆಗೆ ಒರಗಿಸಿದ್ದಳು.

ಸಂಜೆ ಐದಕ್ಕೆ ಶಾಪು ಬಿಟ್ಟು, ಕೈಯ ಎಣ್ಣೆ ತೊಳೆದು, ಬಸ್ಸು ಹಿಡಿದರೆ ಆರಕ್ಕೆ ಕಾಲೇಜು. ನಮ್ಮ ತರಗತಿಯೆಲ್ಲ ಪೀಣ್ಯದ ಕಾರ್ಖಾನೆಗಳಿಂದ ಬಂದವರದೇ, ಅರ್ಧ ಜನ ಯೂನಿಫಾರ್ಮಿನಲ್ಲೇ ಇರುತ್ತಿದ್ದರು. ಮೂರನೆಯ ವರ್ಷ ಬಂದ ಒಂದು ವಿಷಯ ನನ್ನನ್ನು ಅಡ್ಡಡ್ಡ ಮಲಗಿಸಿತು. ಅದರ ಹೆಸರು ಆಪರೇಷನ್ಸ್ ರಿಸರ್ಚ್. ಇರುವ ಸಾಮಾನಿನಲ್ಲಿ, ಇರುವ ಹೊತ್ತಿನಲ್ಲಿ, ಇರುವ ಜನರಿಂದ ಅತಿ ಕಡಿಮೆ ನಷ್ಟಕ್ಕೆ ಅತಿ ಹೆಚ್ಚು ಕೆಲಸ ತೆಗೆಯುವುದು ಹೇಗೆಂದು ಹೇಳುವ ಗಣಿತ. ಕೇಳಲು ಸುಲಭ. ಬೋರ್ಡಿನ ಮೇಲೆ ಮಾತ್ರ ಎಕ್ಸ್ ಒಂದು, ಎಕ್ಸ್ ಎರಡು ಎಂದು ಇರುವೆ ಸಾಲಿನಂತೆ ಹೊರಟರೆ ನನ್ನ ತಲೆಗೆ ಒಂದಕ್ಷರ ಹತ್ತುತ್ತಿರಲಿಲ್ಲ. ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ನಾಲ್ಕು ಬಂತು.

ಆ ನಾಲ್ಕನ್ನು ನೋಡಿ ಬೈಯದೆ ನನ್ನನ್ನು ಕ್ಯಾಂಟೀನಿಗೆ ಕರೆದು ಕೂರಿಸಿದವರು ಪ್ರಭಾಕರ ಸಾರ್, ಆ ವಿಷಯದ ಮೇಷ್ಟ್ರು. ಐವತ್ತರ ಹತ್ತಿರದ ಸಣಕಲು ಮನುಷ್ಯ, ಮೃದು ಮಾತು.

"ಮನೇಲಿ ಏನ್ ಕೆಲಸ ಮಾಡ್ತಾರಮ್ಮ?" ಎಂದು ಕೇಳಿದರು.

"ಮಗ್ಗ ಸಾರ್. ಖಣ ನೇಯ್ತಾರೆ."

"ಸರಿ. ಒಂದು ರೇಷ್ಮೆ ಅಂಚಿನ ಖಣ, ಒಂದು ಬರೀ ಹತ್ತಿದು. ರೇಷ್ಮೇದು ಲಾಭ ಜಾಸ್ತಿ, ಆದ್ರೆ ಹೊತ್ತು ಹಿಡಿಯುತ್ತೆ. ನೂಲು ಇಷ್ಟೇ ಇದೆ, ದಿನಾನೂ ಇಷ್ಟೇ ಇದೆ. ನಿಮ್ಮ ತಾಯಿ ಯಾವುದನ್ನ ಎಷ್ಟು ನೇಯ್ತಾರೆ?"

ನ್ಯಾಪ್ಕಿನ್ನಿನ ಮೇಲೆ ಎರಡು ಗೆರೆ ಎಳೆದರು. ಒಂದು ನೂಲಿನ ಕಟ್ಟುಪಾಡು, ಇನ್ನೊಂದು ಹೊತ್ತಿನ ಕಟ್ಟುಪಾಡು. ಎರಡರ ಒಳಗೆ ಸಿಕ್ಕ ಜಾಗಕ್ಕೆ ಪೆನ್ನಿನಿಂದ ಗೀಟು ಹಾಕಿ, "ಬದುಕೋಕೆ ಆಗೋ ಜಾಗ ಇಷ್ಟು. ಒಳ್ಳೆ ಉತ್ತರ ಬೇಕಾದ್ರೆ ಇದರ ಮೂಲೆಗಳನ್ನ ಮಾತ್ರ ನೋಡು, ನಡುವೆ ಹುಡುಕಬೇಡ," ಎಂದರು. ನಮ್ಮವ್ವ ಪ್ರತಿ ಸೋಮವಾರ ನೂಲಿನ ಗಂಟು ಬಿಚ್ಚಿ ಕೂತು, ಬೆರಳು ಮಡಿಚಿ, ಮನಸ್ಸಿನಲ್ಲೇ ಮಾಡುತ್ತಿದ್ದ ಲೆಕ್ಕ ಅದೇ ಆಗಿತ್ತು. ನನಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಈ ಊರಿಗೆ ಬಂದ ಮೇಲೆ ನನ್ನ ಮನೆಯ ವಿಷಯವನ್ನು ಒಬ್ಬರು ಗೌರವದಿಂದ ಕೇಳಿದ್ದು ಅದೇ ಮೊದಲು. ಆವತ್ತಿನಿಂದ ಆ ಮನುಷ್ಯ ಏನು ಹೇಳಿದರೂ ನನಗೆ ವೇದವಾಯಿತು.

ಮುಂದಿನ ಟೆಸ್ಟಿನಲ್ಲಿ ಇಪ್ಪತ್ತೆರಡು ಬಂತು. ಶಾಂತಕ್ಕ ಆ ಪೇಪರನ್ನು ನರಸಮ್ಮನವರಿಗೆ ತೋರಿಸಿಕೊಂಡು ಬಂದಳು. ಇಬ್ಬರಿಗೂ ಅದರಲ್ಲಿ ಒಂದಕ್ಷರ ತಿಳಿಯದಿದ್ದರೂ ಕೆಂಪು ಶಾಯಿಯ ಅಂಕಿಯನ್ನು ನೋಡಿ ತಲೆದೂಗಿದರು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಸಾರೇ ವಿಷಯ ಸೂಚಿಸಿದರು. ಯಾರನ್ನು ಯಾವ ಯಂತ್ರಕ್ಕೆ ಹಾಕಿದರೆ ಒಟ್ಟು ಹೊತ್ತು ಅತಿ ಕಡಿಮೆ ಹಿಡಿಯುತ್ತದೆ ಎಂಬ ಲೆಕ್ಕ. ಒಂದು ಕೋಷ್ಟಕ ಬರೆಯಬೇಕು: ಅಡ್ಡಸಾಲಿಗೆ ಒಬ್ಬೊಬ್ಬ ಕೆಲಸಗಾರ, ಕಂಬಸಾಲಿಗೆ ಒಂದೊಂದು ಯಂತ್ರ. ಆ ಕೆಲಸಗಾರ ಆ ಯಂತ್ರದಲ್ಲಿ ಒಂದು ತುಂಡಿಗೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾನೆ ಎಂಬುದು ಅವೆರಡು ಕೂಡುವ ಮನೆಯಲ್ಲಿ. ಆಮೇಲೆ ಕಳೆಯುತ್ತಾ, ಸೊನ್ನೆಗಳ ಮೇಲೆ ಗೆರೆ ಎಳೆಯುತ್ತಾ ಹೋದರೆ ಯಾರು ಎಲ್ಲಿ ಎಂಬ ಉತ್ತರ ತಾನೇ ಬಿಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಜನ ಏಳು, ಯಂತ್ರ ಆರು. ಕೋಷ್ಟಕ ಚೌಕವಾಗದಿದ್ದರೆ ವಿಧಾನ ನಡೆಯುವುದಿಲ್ಲ. ಅದಕ್ಕೆ ಪುಸ್ತಕದಲ್ಲಿ ದಾರಿ ಇದೆ: ಇಲ್ಲದ ಒಂದು ಏಳನೆಯ ಯಂತ್ರವನ್ನು ಇದೆಯೆಂದು ಬರೆದು, ಅದರ ಕೆಳಗೆ ಎಲ್ಲರಿಗೂ ಸೊನ್ನೆ ಹಾಕುವುದು. ಡಮ್ಮಿ ಎನ್ನುತ್ತಾರೆ. ಯಾರು ಡಮ್ಮಿಗೆ ಬೀಳುತ್ತಾರೋ ಅವರಿಗೆ ಆ ಹೊತ್ತು ಯಂತ್ರವಿಲ್ಲ ಎಂದಷ್ಟೇ ಅದರ ಅರ್ಥ.

"ನಿಮ್ಮ ಶಾಪಿನ ಡೇಟಾನೇ ತಗೋ," ಎಂದರು ಸಾರ್. "ಹೆಸರು ಹಾಕಬೇಡ. ಡಬ್ಲ್ಯೂ ಒಂದು, ಡಬ್ಲ್ಯೂ ಎರಡು ಅಂತ ಬರಿ. ಇದು ಕಾಲೇಜು ಬಿಟ್ಟು ಆಚೆ ಹೋಗಲ್ಲ. ಪಾಪ, ಯಾರಿಗೂ ತೊಂದರೆ ಆಗಬಾರದಲ್ವಾ?"

ಹೀಗೆ ನಾನು ಮೊಬೈಲಿನ ಸ್ಟಾಪ್‌ವಾಚು ಹಿಡಿದು, ನೋಟ್‌ಬುಕ್ಕು ತೆರೆದು, ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಪಕ್ಕ ನಿಂತೆ. ಎಲ್ಲರೂ ಸಂತೋಷವಾಗಿ ಒಪ್ಪಿದರು. ಲೇತಿನ ಮಂಜಣ್ಣ ತೋಳು ಮಡಿಚಿ, "ಟೈಮ್ ಕಮ್ಮಿ ಬಂದ್ರೆ ಒಲಿಂಪಿಕ್ಸಿಗೆ ಕಳಿಸ್ತೀಯೇನೇ ಗಂಗಾ?" ಎಂದು ಚುಡಾಯಿಸಿ, ಯಾರೋ ಅಟ್ಟಿಸಿಕೊಂಡು ಬಂದವರಂತೆ ಕೆಲಸ ಮಾಡಿ ತೋರಿಸಿದ. ಶಾಂತಕ್ಕ ಆರೂ ಯಂತ್ರಗಳ ಮುಂದೆ ನಿಂತಳು, ಒಂದೊಂದು ತುಂಡನ್ನೂ ನೀಟಾಗಿ ಮಾಡಿದಳು. ನನ್ನ ಸರದಿ ಬಂದಾಗ ಮೊಬೈಲನ್ನು ಅವಳ ಕೈಗೆ ಕೊಟ್ಟೆ. ಪರೀಕ್ಷೆಯ ಹುರುಪಿನಲ್ಲಿ ನಾನೂ ಜೋರಾಗಿಯೇ ಮಾಡಿದೆ.

ಲೆಕ್ಕ ಬಿಡಿಸಿದ್ದು ಒಂದು ಭಾನುವಾರ ಮಧ್ಯಾಹ್ನ, ನಮ್ಮ ಕೋಣೆಯ ಹೊಸಿಲಿನ ಮೇಲೆ ಕೂತು. ಡ್ರಿಲ್ಲು ನನಗೆ ಬಂತು, ಲೇತು ಮಂಜಣ್ಣನಿಗೆ. ಡಮ್ಮಿ ಡಬ್ಲ್ಯೂ ಐದಕ್ಕೆ ಬಂತು. ಡಬ್ಲ್ಯೂ ಐದು ಎಂದರೆ ಒಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳು. ಎರಡು ಸಲ ತಾಳೆ ನೋಡಿದೆ, ಉತ್ತರ ಅದೇ.

"ನಂದು ಹೆಂಗ ಬಂತವ್ವಾ?" ಎಂದು ಒಳಗಿನಿಂದಲೇ ಕೇಳಿದಳು.

"ಎಲ್ಲಾರದೂ ಚಲೋ ಬಂದಾವ," ಎಂದೆ.

ಸುಳ್ಳು ಹೇಳಿದೆ. ಕಾಗದದ ಮೇಲಿನ ಲೆಕ್ಕ ತಾನೇ, ಸುಮ್ಮನೆ ಅವಳ ಮನಸ್ಸು ಯಾಕೆ ನೋಯಿಸುವುದು ಎಂದುಕೊಂಡೆ. ಆದರೂ ಮನಸ್ಸು ತಡೆಯದೆ ರಿಪೋರ್ಟಿನ ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ಏಳನೆಯ ಕೆಲಸಗಾರರು ತಪಾಸಣೆಗೂ ಬದಲಿ ಕೆಲಸಕ್ಕೂ ಅಗತ್ಯ, ಆ ಕೆಲಸಗಳು ಈ ಕೋಷ್ಟಕದಲ್ಲಿ ಇಲ್ಲ. ಸಾರ್ ಅದನ್ನು ಓದಿ, "ಗುಡ್ ಪಾಯಿಂಟ್," ಎಂದು ಪಕ್ಕದಲ್ಲಿ ಟಿಕ್ ಹಾಕಿದರು. "ಯಾವ ಡಬ್ಲ್ಯೂ ಯಾರು ಅಂತ ನನಗೊಂದು ಪಟ್ಟಿ ಕೊಡು, ವೈವಾದಲ್ಲಿ ಯಾರಾದ್ರೂ ಕೇಳಿದ್ರೆ ಬೇಕಾಗುತ್ತೆ," ಎಂದೂ ಕೇಳಿದರು. ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಏಳೂ ಹೆಸರು ಬರೆದುಕೊಟ್ಟೆ.

ವೈವಾ ಮುಗಿದು ಮೂರು ವಾರವಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಮಾಲೀಕರು ಶಾಂತಕ್ಕನನ್ನು ಗಾಜಿನ ಕೋಣೆಗೆ ಕರೆದರು. ಹತ್ತು ನಿಮಿಷದಲ್ಲಿ ಹೊರಗೆ ಬಂದಳು. ಮೊಳೆಗೆ ನೇತುಹಾಕಿದ್ದ ಊಟದ ಚೀಲ ತೆಗೆದುಕೊಂಡಳು. ನಾನು ಮೆಷೀನು ನಿಲ್ಲಿಸಿ ಓಡಿದೆ.

"ನಾಳಿಂದ ಬರೂದು ಬ್ಯಾಡಂತ," ಎಂದಳು. "ಯಾವುದೋ ಲೆಕ್ಕ ತೆಗಿಸ್ಯಾರಂತ. ಅದರಾಗ ನನಗ ಸೊನ್ನಿ ಬಂದೈತಂತ."

ಅವಳಿಗೆ ಅದು ಯಾವ ಲೆಕ್ಕವೆಂದು ಇನ್ನೂ ಗೊತ್ತಿರಲಿಲ್ಲ. ನನಗೆ ಗೊತ್ತಾಗಿಬಿಟ್ಟಿತು. ನೇರವಾಗಿ ಗಾಜಿನ ಕೋಣೆಗೆ ನುಗ್ಗಿದೆ.

ಮಾಲೀಕರ ಮೇಜಿನ ಮೇಲೆ ನೀಟಾಗಿ ಬೈಂಡ್ ಮಾಡಿದ ರಿಪೋರ್ಟು ಇತ್ತು. ಮುಖಪುಟದಲ್ಲಿ ಪ್ರಭಾಕರ ಸಾರ್ ಹೆಸರು, ಕೆಳಗೆ ಸಲಹೆಗಾರರು ಎಂದು. ಒಳಗೆ ನನ್ನದೇ ಕೋಷ್ಟಕ, ನನ್ನದೇ ಗೆರೆಗಳು. ಹಿಂದಿನ ಪುಟದಲ್ಲಿ ನನ್ನ ಪೆನ್ಸಿಲಿನ ಪಟ್ಟಿಯ ಜೆರಾಕ್ಸ್. ಕೊನೆಯ ಪುಟ ತಿರುಗಿಸಿದೆ. ನನ್ನ ವಾಕ್ಯ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಒಂದೇ ಸಾಲು: ಏಳನೆಯ ಕೆಲಸಗಾರರ ಅಗತ್ಯವಿಲ್ಲ.

"ಇದು ನಿಮ್ದೇ ವರ್ಕ್ ಅಂತ ಪ್ರಭಾಕರ್ ಹೇಳಿದ್ರು. ಬ್ರಿಲಿಯಂಟ್ ಗಂಗಾ," ಎಂದರು ಮಾಲೀಕರು, ನಿಜವಾದ ಮೆಚ್ಚುಗೆಯಿಂದಲೇ. "ಒಂದನೇ ತಾರೀಕಿಂದ ನೀವು ಪ್ಲಾನಿಂಗ್ ನೋಡ್ಕೊಳ್ಳಿ. ಮೆಷೀನ್ ಮೇಲೆ ನಿಲ್ಲೋದು ಬೇಡ."

"ಸಾರ್, ಶಾಂತಕ್ಕನ್ನ ತೆಗೀಬೇಡಿ," ಎಂದೆ.

"ನಾನು ತೆಗೀತಿಲ್ಲ ಕಣಮ್ಮ. ಸಿಸ್ಟಮ್ ಹೇಳ್ತಿದೆ," ಎಂದು ಕೈ ಚೆಲ್ಲಿದರು.

ಮಧ್ಯಾಹ್ನ ರಜೆ ಹಾಕಿ ಕೋಣೆಗೆ ಬಂದೆ. ಶಾಂತಕ್ಕ ಅಕ್ಕಿ ಆರಿಸುತ್ತಾ ಕೂತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಲೆಕ್ಕ ನನ್ನದೇ ಎಂದೆ, ಮೇಷ್ಟ್ರು ಮೋಸ ಮಾಡಿದರು ಎಂದೆ, ಆ ಭಾನುವಾರ ನಿನಗೆ ಸುಳ್ಳು ಹೇಳಿದೆ ಎಂದೂ ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು.

"ಆ ದಿವ್ಸ ಗಡಿಯಾರ ಹಿಡಿದು ಬರಕೊಂಡ್ಯಲ್ಲ, ಅದು?"

"ಹೂಂ. ಡ್ರಿಲ್ಲಿನ್ಯಾಗ ನಿಂದು ಎಲ್ಲಾರಕಿಂತ ಹೆಚ್ಚು ಹೊತ್ತು ಬಂದಿತ್ತು ಅಕ್ಕಾ."

ಮೊರವನ್ನು ಬದಿಗೆ ಸರಿಸಿದಳು. ಆಮೇಲೆ ಹೇಳಿದಳು: "ನೀ ಬುಕ್ಕು ತಗೊಂಡು ಬಾಜೂಕ ನಿಂತಿದ್ದಿ. ಕಲಿಯಾಕ ಬಂದಾಳ, ನೋಡ್ಕೊಂಡು ಬರಕೊಳ್ಳಿ ಅಂತ ನಾ ಬೇಕಂತನ ಸಾವಕಾಶ ಮಾಡಿದ್ನೆವ್ವಾ. ಕಲಿಯವರ ಮುಂದ ಯಾರರ ಕೈ ಓಡಸ್ತಾರೇನು? ನಿಮ್ಮವ್ವ ನಿನಗ ಮಗ್ಗ ಕಲಿಸೂ ಮುಂದ ಹೆಂಗ ಮಾಡಿದ್ಲು?"

ನಮ್ಮ ಓಣಿಯಲ್ಲಿ ಅದೊಂದು ಕಟ್ಟುನಿಟ್ಟಿನ ರೂಢಿ. ಕಲಿಯುವವರು ಮಗ್ಗದ ಬದಿಗೆ ಬಂದು ಕೂತರೆ ಎಂಥ ಅವಸರದ ಕೆಲಸವಿದ್ದರೂ ನೇಯುವವರು ಕೈ ನಿಧಾನ ಮಾಡುತ್ತಾರೆ, ಲಾಳಿ ಹೋಗುವುದು ಕಣ್ಣಿಗೆ ಕಾಣಬೇಕು. ಯಾರೂ ಹೇಳಿಕೊಡುವುದಿಲ್ಲ, ಯಾರೂ ತಪ್ಪಿಸುವುದಿಲ್ಲ. ಇಷ್ಟು ವರ್ಷ ಶಾಂತಕ್ಕನ ಪಕ್ಕದಲ್ಲಿ ನಿಂತು ಅವಳ ನಿಜವಾದ ವೇಗ ಕಂಡವಳು ನಾನು. ಅವಳ ಹೆಸರಿನ ಮುಂದೆ ಬಂದ ಸೆಕೆಂಡುಗಳು ತಪ್ಪೆಂದು ನನಗೆ ಆವತ್ತೇ ಹೊಳೆಯಬೇಕಿತ್ತು. ನಾನು ಕೈ ನೋಡಿರಲಿಲ್ಲ, ಮೊಬೈಲು ನೋಡುತ್ತಿದ್ದೆ. ಮಂಜಣ್ಣ ಬೆಂಗಳೂರಿನವನು, ಗಡಿಯಾರ ಕಂಡರೆ ಓಡಬೇಕು ಎಂದು ಅವನಿಗೆ ಗೊತ್ತಿತ್ತು.

ಮಾರನೆಯ ಸಂಜೆ ಕಾಲೇಜಿನ ಸ್ಟಾಫ್ ರೂಮಿಗೆ ಹೋದೆ. ಜಗಳ ಮಾಡಲೆಂದೇ ಹೋದವಳು. ಸಾರ್ ನನ್ನನ್ನು ಕಂಡು ಕುರ್ಚಿ ಎಳೆದುಕೊಟ್ಟರು. ಅದೇ ಮೃದು ದನಿ.

"ಆಚೆ ಹೋಗಲ್ಲ ಅಂದಿದ್ರಿ ಸಾರ್."

"ಅವರು ಕಾಲೇಜಿಗೆ ಬಂದು ಕೇಳಿದ್ರಮ್ಮ, ಇಂಡಸ್ಟ್ರಿ ಕನೆಕ್ಷನ್ ಅಂದ್ರೆ ಕಾಲೇಜಿಗೂ ಒಳ್ಳೇದು. ನಿನ್ನ ಒಳ್ಳೇದಕ್ಕೂ ಆಯ್ತಲ್ಲ? ಪ್ಲಾನಿಂಗ್‌ಗೆ ಹಾಕಿದ್ದಾರಂತೆ."

"ನನ್ನ ವಾಕ್ಯ ಯಾಕೆ ತೆಗೆದ್ರಿ?"

"ಅದು ಅಭಿಪ್ರಾಯ. ಕ್ಲೈಂಟಿಗೆ ರಿಸಲ್ಟ್ ಬೇಕು."

"ಅದಕ್ಕೆ ಟಿಕ್ ಹಾಕಿದ್ರಿ."

ಅವರು ಕನ್ನಡಕ ತೆಗೆದು ಒರೆಸಿದರು.

"ಡೇಟಾನೇ ತಪ್ಪು ಸಾರ್. ಅವರು ಬೇಕು ಅಂತ ನಿಧಾನ ಮಾಡಿದ್ರು, ನನಗೆ ಕಲಿಸೋಕೆ ಅಂತ."

"ಡೇಟಾ ತಂದಿದ್ದು ಯಾರು?" ಎಂದರು. ಗದರಿಸಿ ಹೇಳಲಿಲ್ಲ, ತರಗತಿಯಲ್ಲಿ ಪ್ರಶ್ನೆ ಕೇಳುವಂತೆ ಕೇಳಿದರು.

ಅಲ್ಲಿಂದ ಹೊರಗೆ ಬಂದವಳು ಬಸ್ ಸ್ಟಾಪಿನಲ್ಲಿ ನಿಂತು ಎಲ್ಲರೆದುರೇ ಅತ್ತೆ. ನಂಬಿದ ಮನುಷ್ಯ ಬೆನ್ನಿಗೆ ಚೂರಿ ಹಾಕಿದ್ದಕ್ಕೆ ಅತ್ತೆ, ನನ್ನ ಅವ್ವನ ಮಗ್ಗದ ಕಥೆ ಹೇಳಿ ಒಲಿಸಿಕೊಂಡು ಹಾಗೆ ಮಾಡಿದರಲ್ಲ ಎಂಬುದಕ್ಕೆ ಇನ್ನೂ ಜಾಸ್ತಿ ಅತ್ತೆ. ಇಂದಿಗೂ ಆ ಮನುಷ್ಯನ ಹೆಸರು ಕೇಳಿದರೆ ನನ್ನ ಮೈ ಉರಿಯುತ್ತದೆ. ಅದನ್ನು ಮುಚ್ಚಿಟ್ಟು ದೊಡ್ಡ ಮನಸ್ಸು ತೋರಿಸುವ ಇರಾದೆ ನನಗಿಲ್ಲ.

ಆದರೆ ಇದನ್ನು ಬರೆಯುವಾಗ ಅಲ್ಲಿಗೇ ನಿಲ್ಲಿಸಿದರೆ ಅದೂ ಮೋಸವೇ. ಆ ವಾರ ನಾನು ಲೆಕ್ಕವನ್ನು ಹೊಸದಾಗಿ ಮಾಡಿದೆ. ಶಾಂತಕ್ಕನ ನಿಜವಾದ ಕೈವೇಗ ನನಗೆ ಗೊತ್ತಿತ್ತು, ಅವಳ ಸಾಲಿನಲ್ಲಿ ಅದನ್ನು ಬರೆದೆ. ಕಳೆದೆ, ಗೆರೆ ಎಳೆದೆ, ಮತ್ತೆ ಕಳೆದೆ. ಈ ಸಲ ಡ್ರಿಲ್ಲು ಅವಳಿಗೆ ಹೋಯಿತು. ಏಳು ಜನ ಆರು ಯಂತ್ರ ಇರುವಾಗ ಡಮ್ಮಿ ಯಾರಿಗಾದರೂ ಒಬ್ಬರಿಗೆ ಹೋಗಲೇಬೇಕು. ಅದು ಡಬ್ಲ್ಯೂ ಏಳಕ್ಕೆ ಬಂತು. ಡಬ್ಲ್ಯೂ ಏಳು ನಾನೇ.

ಆ ಹಾಳೆಯನ್ನು ಮಾಲೀಕರ ಮೇಜಿನ ಮೇಲಿಡಲು ನನಗೆ ಎಂಟು ದಿನ ಬೇಕಾಯಿತು. ಕೆಲಸ ಹೋದರೆ ಕಾಲೇಜಿನ ಕೊನೆಯ ಸೆಮಿಸ್ಟರು ಹೋಗುತ್ತದೆ, ಊರಿಗೆ ಬರಿಗೈಯಲ್ಲಿ ಹೋಗಬೇಕು ಎಂದು ದಿನವೂ ಒಂದು ನೆಪ ಹೇಳಿಕೊಂಡೆ. ಬೆಳಿಗ್ಗೆ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ, ಸಂಜೆ ಹಾಗೆಯೇ ವಾಪಸು ತರುತ್ತಿದ್ದೆ. ಆ ದಿನಗಳಲ್ಲಿ ಶಾಂತಕ್ಕ ಶೆಡ್ಡಿನಿಂದ ಶೆಡ್ಡಿಗೆ ಕೆಲಸ ಕೇಳುತ್ತಾ ತಿರುಗಿದಳು. ನಲವತ್ತು ದಾಟಿದ ಹೆಂಗಸಿಗೆ ಯಾರೂ ಯಂತ್ರ ಕೊಡಲಿಲ್ಲ. ಏಳನೆಯ ದಿನ ಮಾದನಾಯಕನಹಳ್ಳಿಯ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಸಿಕ್ಕಿತು, ಅಲ್ಲೇ ಹತ್ತು ಹೆಂಗಸರ ಜೊತೆ ಒಂದು ಹಾಲಿನಲ್ಲಿ ಇರಬೇಕು. ಮಡಿಚುವ ಮಂಚವನ್ನು ನರಸಮ್ಮನವರಿಗೆ ಬಿಟ್ಟು ಹೋದಳು. ಆ ಎಂಟು ದಿನಗಳನ್ನು ನಾನು ಯಾವ ಮೇಷ್ಟ್ರ ತಲೆಗೂ ಕಟ್ಟಲಾರೆ.

ಎಂಟನೆಯ ದಿನ ಹಾಳೆ ಇಟ್ಟೆ. ಮಾಲೀಕರು ಕೊನೆಯವರೆಗೂ ನೋಡಿ ನಕ್ಕರು.

"ಸರಿಯಾಗಿದೆ. ಆದ್ರೆ ನೀವೀಗ ಈ ಟೇಬಲ್‌ನಲ್ಲಿ ಇಲ್ವಲ್ಲ ಗಂಗಾ. ನೀವು ಟೇಬಲ್ ಮಾಡೋರು. ನಿಮ್ಮ ಹೆಸರು ತೆಗೆದು ನೋಡಿ, ಆರಕ್ಕೆ ಆರು ಸರಿ ಹೋಗುತ್ತೆ."

"ಹಂಗಾದ್ರೆ ಆರನೆಯವರಾಗಿ ಶಾಂತಕ್ಕನ್ನ ಕರೀರಿ ಸಾರ್."

"ಡ್ರಿಲ್ಲಿಗೆ ನಿನ್ನೇನೇ ಹೊಸಬರು ಬಂದ್ರಲ್ಲ," ಎಂದರು. ನಿನ್ನೆ ತಂದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ.

ನಾನು ಆ ಕೆಲಸ ಬಿಡಲಿಲ್ಲ. ಬಿಟ್ಟೆನೆಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತೇನೋ. ಡಿಗ್ರಿ ಮುಗಿಸಿದೆ. ಈಗ ಬೇರೆ ಕಾರ್ಖಾನೆಯಲ್ಲಿದ್ದೇನೆ, ಅದೇ ಪ್ಲಾನಿಂಗ್. ಮಂಜಣ್ಣ ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಎನ್ನುತ್ತಾನೆ, ಮೊದಲಿನಂತೆ ಚುಡಾಯಿಸುವುದಿಲ್ಲ. ನರಸಮ್ಮನವರು ಮಾತ್ರ, "ನೀನು ಇಲ್ಲಿಯವಳೇ ಆಗ್ಬಿಟ್ಟೆ ಬುಡು," ಎಂದು ಹೊಗಳುತ್ತಾರೆ.

ಆ ವರ್ಷ ರೇಣುಕಾ ಬೆಂಗಳೂರಿಗೆ ಬರಲಿಲ್ಲ, ಡಿಗ್ರಿಗೂ ಸೇರಲಿಲ್ಲ. ನಾನು ಊರಿಗೆ ಹೋದದ್ದು ಮುಂದಿನ ಯುಗಾದಿಗೆ. ಮನೆಯೊಳಗೆ ಕಾಲಿಟ್ಟರೆ, ಡಿಪ್ಲೊಮಾ ಓದುವಾಗ ನಾನು ಕೂರುತ್ತಿದ್ದ ಮಗ್ಗದಲ್ಲಿ ಆ ಹುಡುಗಿ ಕೂತಿದ್ದಳು. ಶಾಂತಕ್ಕನೇ ಫೋನು ಮಾಡಿ ಕೇಳಿಕೊಂಡಳಂತೆ, ಅವ್ವ ಕೆಲಸ ಕಲಿಸಿ ಕೂರಿಸಿದ್ದಳು. ಅವ್ವ ನನಗೆ ನೀರು ಕೊಟ್ಟಳು, ಪ್ರಯಾಣ ಹೇಗಾಯಿತು ಎಂದಳು, ಶಾಂತಕ್ಕನ ವಿಷಯ ಎತ್ತಲಿಲ್ಲ. ಓಣಿಗೆಲ್ಲ ಗೊತ್ತಿತ್ತು ಎನ್ನುವುದು ಆ ಮೌನದಲ್ಲೇ ತಿಳಿಯಿತು.

ನಾನು ಹೋಗಿ ರೇಣುಕಾಳ ಮಗ್ಗದ ಬದಿಗೆ ಕೂತೆ. ಚಿಕ್ಕವಳಿದ್ದಾಗ ನನ್ನ ಹಿಂದೆ ಹಿಂದೆಯೇ ತಿರುಗುತ್ತಿದ್ದ ಹುಡುಗಿ. ಅವಳು ನಿಧಾನವಾಗಿಯೇ ನೇಯುತ್ತಿದ್ದಳು. ನನ್ನ ನೆರಳು ನೂಲಿನ ಮೇಲೆ ಬಿದ್ದದ್ದೇ ತಡ, ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆ ತಗ್ಗಿಸಿ, ಲಾಳಿಯನ್ನು ಜೋರಾಗಿ ಓಡಿಸತೊಡಗಿದಳು. ಒಂದು ಎಳೆ ಪಟ್ಟೆಂದು ಹರಿಯಿತು. ಗಂಟು ಹಾಕಿ ಮತ್ತೆ ಅಷ್ಟೇ ಜೋರಾಗಿ ಓಡಿಸಿದಳು. ಕೈ ನಿಧಾನ ಮಾಡಲೇ ಇಲ್ಲ.

"ಸಾವಕಾಶ ಮಾಡು ರೇಣವ್ವಾ, ನಾ ಸುಮ್ನ ಕೂತೀನಿ," ಎಂದೆ.

"ಇರ್ಲಿ ಬಿಡ್ರಿ ಮೇಡಂ," ಎಂದಳು, ಲಾಳಿಯಿಂದ ಕಣ್ಣು ಎತ್ತದೆ.